ಕಿರಣ ಚಿಕಿತ್ಸೆಯ ನಕ್ಷೆಯೂ ರೋಗಿಯ ಭಾಷೆಯೂ

ಅರ್ಬುದ ರೋಗಕ್ಕೆ ನೀಡುವ ವಿಕಿರಣ ಚಿಕಿತ್ಸೆಯನ್ನು ನಮ್ಮ ಊರುಗಳಲ್ಲಿ ‘ಕರೆಂಟು ಕೊಡುವುದು’ ಎಂದು ಹೇಳುವ ರೂಢಿ. ಈ ‘ಕರೆಂಟಿ’ಗಾಗಿ ದೂರದ ಆಸ್ಪತ್ರೆಗಳಿಗೆ ಹೋಗಿಬಂದವರ ಮನೆಗಳಿಂದ ನಮಗೆ ಮತ್ತೆ ಮತ್ತೆ ಕೇಳಿಬರುವ ದೂರೊಂದಿದೆ. ದೊಡ್ಡಾಸ್ಪತ್ರೆಗೆ ಹೋದೆವು, ಮುಖದ ಮೇಲೆ ಪ್ಲಾಸ್ಟಿಕ್ ಹಾಳೆಯೊಂದನ್ನು ಒತ್ತಿ ಅಚ್ಚು ತೆಗೆದರು, ಯಂತ್ರದೊಳಗೆ ಮಲಗಿಸಿ ಚಿತ್ರ ಹಿಡಿದರು, ಮೈಮೇಲೆ ಗೀಟು ಎಳೆದರು, ಬಳಿಕ ಹತ್ತು ದಿನ ಬಿಟ್ಟು ಬನ್ನಿರೆಂದು ಹಿಂದಕ್ಕೆ ಕಳುಹಿಸಿದರು. ಔಷಧಿಯೂ ಇಲ್ಲ, ಕರೆಂಟೂ ಇಲ್ಲ, ಹೋಗಿಬಂದ ಖರ್ಚು ಮಾತ್ರ ಆಯಿತು ಎಂಬುದು ಆ ದೂರಿನ ಸಾರ. ಇನ್ನು ಕೆಲವರು ಈ ಹತ್ತು ದಿನಗಳಲ್ಲಿಯೇ ಮನಸ್ಸು ಬದಲಿಸಿ, ಅವರಿವರ ಮಾತು ಕೇಳಿ ಬೇರೆ ಮದ್ದಿನತ್ತ ಹೊರಳುತ್ತಾರೆ. ಅವರು ಮರಳಿ ಆಸ್ಪತ್ರೆಯ ಮೆಟ್ಟಲೇರುವಾಗ ಕಾಲ ಮಿಂಚಿರುತ್ತದೆ.

ಈ ದೂರಿನ ಹಿಂದಿರುವುದು ಉದಾಸೀನವಲ್ಲ, ತಿಳಿವಳಿಕೆಯ ಅಭಾವ. ಆ ಹತ್ತು ದಿನಗಳಲ್ಲಿ ಏನು ನಡೆಯುತ್ತದೆಂದು ರೋಗಿಗೆ ಅವನ ಭಾಷೆಯಲ್ಲಿ ಯಾರೂ ಹೇಳಿರುವುದಿಲ್ಲ. ವಾಸ್ತವದಲ್ಲಿ ಕಿರಣ ಚಿಕಿತ್ಸೆಯ ಮುಖ್ಯ ಭಾಗ ನಡೆಯುವುದೇ ಆಗ. ಮುಂದೆ ದಿನಕ್ಕೆ ಕೆಲವು ನಿಮಿಷಗಳಂತೆ ಯಂತ್ರ ಮಾಡುವ ಕೆಲಸವೆಲ್ಲವೂ ಆ ದಿನಗಳಲ್ಲಿ ಸಿದ್ಧವಾಗುವ ನಕ್ಷೆಯ ಪ್ರಕಾರವೇ ಸಾಗುತ್ತದೆ. ಆ ನಕ್ಷೆ ಸರಿಯಾಗಬೇಕಾದರೆ ರೋಗಿಯ ಸಹಕಾರ ಬೇಕು. ಸಹಕಾರ ದೊರೆಯಬೇಕಾದರೆ ಹೇಳಿದ್ದು ಅವನಿಗೆ ಅರ್ಥವಾಗಬೇಕು. ಈ ವಿಷಯವನ್ನು ಓದುಗರ ಹಾಗೂ ಅಧಿಕೃತರ ಗಮನಕ್ಕೆ ತರುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಹಿಂದಿನ ಕ್ರಮವನ್ನು ಮೊದಲು ನೆನೆಯೋಣ. ಕೋಬಾಲ್ಟ್ ಯಂತ್ರದಿಂದ ಅರ್ಬುದ ಚಿಕಿತ್ಸೆ ಕೆನಡಾ ದೇಶದಲ್ಲಿ 1951ರಲ್ಲಿ ಆರಂಭವಾಯಿತು. ಆ ಕಾಲದ ವೈದ್ಯರಿಗೆ ಒಳಗಿನ ಗಡ್ಡೆ ಕಾಣುತ್ತಿರಲಿಲ್ಲ. ಕ್ಷ-ಕಿರಣದ ಚಿತ್ರದಲ್ಲಿ ಎಲುಬಿನ ನೆರಳು ಕಾಣುತ್ತಿತ್ತು. ಗಡ್ಡೆ ಇಲ್ಲಿಯೇ ಇರಬೇಕೆಂದು ಅನುಭವದಿಂದ ಅಂದಾಜಿಸಿ, ಮೈಯ ಸುತ್ತಳತೆಯನ್ನು ತಂತಿಯಿಂದ ಹಿಡಿದು ಕಾಗದದ ಮೇಲೆ ಬರೆದುಕೊಂಡು, ಕಿರಣ ಎಷ್ಟು ಆಳಕ್ಕೆ ಎಷ್ಟು ಇಳಿಯುವುದೆಂಬ ಗೆರೆಪಟಗಳನ್ನು ಅದರ ಮೇಲಿಟ್ಟು ಕೈಯಲ್ಲಿಯೇ ಕೂಡಿಸಿ ಲೆಕ್ಕ ಹಾಕುತ್ತಿದ್ದರು. ಮನುಷ್ಯನ ದೇಹವೆಂದರೆ ಒಂದೇ ಸಮನೆ ನೀರು ತುಂಬಿದ ಕೊಡವೆಂಬಂತೆ ಆ ಲೆಕ್ಕ. ಆದರೆ ಶ್ವಾಸಕೋಶದಲ್ಲಿರುವುದು ಹೆಚ್ಚಾಗಿ ಗಾಳಿ. ಎಲುಬು ನೀರಿಗಿಂತ ಗಟ್ಟಿ. ಹಾಗಾಗಿ ತಪ್ಪೀತೆಂಬ ಭಯದಿಂದ ಕಿರಣದ ಕ್ಷೇತ್ರವನ್ನು ಅಗಲವಾಗಿಯೇ ಇಡಬೇಕಾಗುತ್ತಿತ್ತು. ಗಡ್ಡೆಯೊಡನೆ ನೆರೆಯ ಆರೋಗ್ಯವಂತ ಭಾಗಗಳೂ ಬೇಯುತ್ತಿದ್ದುದು ಇದರಿಂದಲೇ.

ಈ ಕೊರತೆಯನ್ನು ಕಂಡು ಚಿಂತಿಸಿದವರಲ್ಲಿ ಒಬ್ಬರು ದಕ್ಷಿಣ ಆಫ್ರಿಕದ ಭೌತಶಾಸ್ತ್ರಜ್ಞ ಅಲನ್ ಕಾರ್ಮಾಕ್. 1956ರಲ್ಲಿ ಕೇಪ್‌ಟೌನಿನ ಗ್ರೂಟ್ ಶೂರ್ ಆಸ್ಪತ್ರೆಯಲ್ಲಿ ಭೌತತಜ್ಞರ ಸ್ಥಾನ ತೆರವಾದಾಗ, ಅಲ್ಲಿನ ವಿಶ್ವವಿದ್ಯಾಲಯದ ಅಧ್ಯಾಪಕರಾಗಿದ್ದ ಅವರು ಕೆಲವು ತಿಂಗಳ ಕಾಲ ವಾರಕ್ಕೆ ಒಂದೂವರೆ ದಿನ ಆ ಕೆಲಸವನ್ನು ನೋಡಿಕೊಂಡರು. ಕಿರಣ ಚಿಕಿತ್ಸೆಯ ಲೆಕ್ಕ ಮಾಡುವುದನ್ನು ನೋಡುತ್ತ ಅವರಿಗೆ ಹೊಳೆದದ್ದು ಇಷ್ಟೇ: ದೇಹದ ಒಳಗೆ ಎಲ್ಲಿ ಎಷ್ಟು ಕಿರಣ ಹೀರಲ್ಪಡುತ್ತದೆಂಬ ನಕ್ಷೆ ಇಲ್ಲದೆ ಈ ಲೆಕ್ಕ ಸರಿಯಾಗಲಾರದು, ಹೊರಗಿನಿಂದಲೇ ಹಲವು ದಿಕ್ಕುಗಳಿಂದ ಅಳೆದು ಆ ನಕ್ಷೆಯನ್ನು ಗಣಿತದಿಂದ ಪಡೆಯಬಹುದು. 1963 ಮತ್ತು 1964ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ಯಾರೂ ಹೆಚ್ಚು ಲಕ್ಷ್ಯ ಕೊಡಲಿಲ್ಲ. ಇಂಗ್ಲೆಂಡಿನ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಸ್ವತಂತ್ರವಾಗಿ ಯಂತ್ರವನ್ನೇ ನಿರ್ಮಿಸಿ, 1971ರ ಅಕ್ಟೋಬರ್ 1ರಂದು ಲಂಡನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ಮಿದುಳಿನ ಚಿತ್ರ ಹಿಡಿದರು. ಇದೇ ಸಿ.ಟಿ. ಸ್ಕ್ಯಾನ್. 1979ರ ನೊಬೆಲ್ ಪಾರಿತೋಷಕ ಇವರಿಬ್ಬರಿಗೂ ಸಂದಿತು. ರೋಗ ಪತ್ತೆಗೆಂದು ನಾವೆಲ್ಲ ತಿಳಿದಿರುವ ಸಿ.ಟಿ. ಯಂತ್ರದ ಒಂದು ಬೇರು ಕಿರಣ ಚಿಕಿತ್ಸೆಯ ಕೋಣೆಯಲ್ಲಿಯೇ ಇದೆ ಎಂಬುದು ಅನೇಕರಿಗೆ ತಿಳಿಯದ ಸಂಗತಿ.

ಈ ಕಥೆಯಲ್ಲಿ ನಮ್ಮ ನೆಲದ ಪಾಲೂ ಉಂಟು. ಹಲವು ದಿಕ್ಕುಗಳ ಅಳತೆಗಳಿಂದ ಒಳಚಿತ್ರವನ್ನು ಬೇಗನೆ ಕಟ್ಟುವ ಗಣಿತಕ್ರಮವೊಂದನ್ನು ಅದೇ 1971ರಲ್ಲಿ ಪ್ರಕಟಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಎನ್. ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್. ಸಿ.ಟಿ. ಚಿತ್ರಗಳ ರಚನೆಯಲ್ಲಿ ಬಹುಕಾಲ ಬಳಕೆಯಲ್ಲಿದ್ದ ಈ ಕ್ರಮದ ಒಂದು ಅಂಗಕ್ಕೆ ಜಗತ್ತಿನ ತಜ್ಞರು ಇಂದಿಗೂ ‘ರಾಮ್-ಲಾಕ್’ ಎಂದು ಇಬ್ಬರ ಹೆಸರನ್ನೂ ಸೇರಿಸಿ ಕರೆಯುತ್ತಾರೆ. ರಾಮಚಂದ್ರನ್ ಜನಿಸಿದ್ದು 1922ರಲ್ಲಿ ಎರ್ನಾಕುಳದಲ್ಲಿ. ಈ ಕೆಲಸ ನಡೆದದ್ದು ಬೆಂಗಳೂರಿನಲ್ಲಿ. ಎರಡು ರಾಜ್ಯಗಳ ನಡುವೆ ಬಾಳುವ ನಮಗೆ ಇದು ಸಂತೋಷದ ವಿಚಾರ.

ಇನ್ನು ಈಗಿನ ಕ್ರಮಕ್ಕೆ ಬರೋಣ. ಗಂಟಲಿನ ಅರ್ಬುದವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಎಲೆಯಡಿಕೆ, ಹೊಗೆಸೊಪ್ಪಿನ ಅಭ್ಯಾಸವುಳ್ಳ ನಮ್ಮ ಕಡೆ ಬಾಯಿ-ಗಂಟಲಿನ ಅರ್ಬುದ ಅಪರಿಚಿತವೇನಲ್ಲ. ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಹಾಳೆಯನ್ನು ರೋಗಿಯ ಮುಖದ ಮೇಲೆ ಒತ್ತಿ ಅಚ್ಚು ತೆಗೆಯುತ್ತಾರೆ. ಅದು ತಣಿದು ಗಟ್ಟಿಯಾದ ಮೇಲೆ ತಲೆ ಕದಲದಂತೆ ಪ್ರತಿದಿನ ಹಿಡಿದಿಡುವ ಮುಖವಾಡವಾಗುತ್ತದೆ. ಅದನ್ನು ಧರಿಸಿಯೇ ಸಿ.ಟಿ. ಚಿತ್ರ. ಎರಡು ಮೂರು ಮಿಲಿಮೀಟರ್ ಅಂತರದಲ್ಲಿ ಒಂದರ ಮೇಲೊಂದರಂತೆ ನೂರಾರು ಸೀಳುಚಿತ್ರಗಳು. ಆ ಚಿತ್ರದ ಪ್ರತಿಯೊಂದು ಚುಕ್ಕೆಯೂ ಒಂದು ಅಂಕೆ: ನೀರಿಗೆ ಸೊನ್ನೆ, ಗಾಳಿಗೆ ಸೊನ್ನೆಗಿಂತ ಒಂದು ಸಾವಿರ ಕೆಳಗೆ, ಎಲುಬಿಗೆ ನೂರಾರು ಮೇಲೆ. ಕಿರಣ ಎಲ್ಲಿ ಎಷ್ಟು ತಡೆಯಲ್ಪಡುತ್ತದೆಂದು ಗಣಕಯಂತ್ರ ಲೆಕ್ಕ ಹಾಕುವುದು ಈ ಅಂಕೆಗಳಿಂದ. ಅಗತ್ಯವಿದ್ದರೆ ಎಂ.ಆರ್.ಐ. ಮತ್ತು ಪೆಟ್ ಚಿತ್ರಗಳನ್ನೂ ಇದರೊಡನೆ ಕೂಡಿಸಿ ನೋಡುತ್ತಾರೆ, ಸಿ.ಟಿ.ಯಲ್ಲಿ ಮಸುಕಾಗಿ ಕಾಣುವ ಗಡ್ಡೆಯ ಅಂಚು ಅವುಗಳಲ್ಲಿ ಸ್ಪಷ್ಟವಾಗುವುದುಂಟು.

ಬಳಿಕ ವೈದ್ಯರು ಒಂದೊಂದು ಸೀಳುಚಿತ್ರದ ಮೇಲೂ ಗೆರೆ ಎಳೆಯುತ್ತಾರೆ. ಕಣ್ಣಿಗೆ ಕಾಣುವ ಗಡ್ಡೆ ಒಂದು ಗೆರೆಯೊಳಗೆ. ಕಾಣದೆ ಹಬ್ಬಿರಬಹುದಾದ ಸುತ್ತಿನ ಭಾಗ ಇನ್ನೊಂದರೊಳಗೆ. ದಿನದಿನದ ಸಣ್ಣ ಕದಲಿಕೆಗಾಗಿ ಕೆಲವು ಮಿಲಿಮೀಟರ್ ಸೇರಿಸಿದ ಅಂಚು ಮೂರನೆಯದು. ಉಳಿಸಬೇಕಾದ ಅಂಗಗಳಿಗೆ ಬೇರೆಯೇ ಗೆರೆಗಳು: ಬೆನ್ನುಹುರಿ, ಜೊಲ್ಲುಗ್ರಂಥಿಗಳು, ದವಡೆ. ಇಂಥ ರೋಗಿಗೆ ಸಾಮಾನ್ಯವಾಗಿ 70 ಗ್ರೇ ಪ್ರಮಾಣದ ವಿಕಿರಣವನ್ನು 35 ಕಂತುಗಳಲ್ಲಿ, ವಾರಕ್ಕೆ ಐದು ದಿನದಂತೆ ಏಳು ವಾರ ನೀಡುತ್ತಾರೆ. ಗಡ್ಡೆಗೆ ಇಷ್ಟು ಬೀಳಬೇಕು. ಅಲ್ಲಿಂದ ಬೆರಳಗಲದ ದೂರದಲ್ಲಿರುವ ಬೆನ್ನುಹುರಿಗೆ 45-50 ಗ್ರೇ ಮೀರಬಾರದು. ಈ ಬೇಡಿಕೆಗಳನ್ನೆಲ್ಲ ಗಣಕಯಂತ್ರದ ಮುಂದಿಟ್ಟರೆ, ಯಾವ ದಿಕ್ಕಿನಿಂದ ಎಷ್ಟು ಕಿರಣ ಬರಬೇಕು, ಯಂತ್ರದ ಬಾಯಲ್ಲಿರುವ ತೆಳುವಾದ ಲೋಹದ ಎಲೆಗಳು ಯಾವಾಗ ಎಷ್ಟು ಸರಿಯಬೇಕು ಎಂಬುದನ್ನು ಅದು ಪುನಃ ಪುನಃ ಲೆಕ್ಕ ಮಾಡಿ ನಕ್ಷೆಯನ್ನು ಒಪ್ಪಿಸುತ್ತದೆ. ಭೌತತಜ್ಞರು ಅದನ್ನು ಪರಿಶೀಲಿಸಿ, ರೋಗಿಯ ಬದಲು ಅಳತೆಯ ಉಪಕರಣವನ್ನಿಟ್ಟು ಯಂತ್ರವನ್ನು ನಡೆಸಿ ನೋಡಿ, ಲೆಕ್ಕಕ್ಕೂ ಅಳತೆಗೂ ತಾಳೆಯಾದ ಮೇಲಷ್ಟೇ ರೋಗಿಯ ಸರದಿ ಬರುತ್ತದೆ. ‘ಹತ್ತು ದಿನ ಬಿಟ್ಟು ಬನ್ನಿ’ ಎಂಬ ಮಾತಿನ ಹಿಂದೆ ಇಷ್ಟೆಲ್ಲ ಕೆಲಸವಿದೆ.

ಇದರಿಂದ ರೋಗಿಗೆ ಲಾಭವೇನು? 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯೊಂದನ್ನು ನೋಡೋಣ. ಗಂಟಲಿನ ಅರ್ಬುದದ 94 ರೋಗಿಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಹಳೆಯ ಕ್ರಮದಲ್ಲೂ ಇನ್ನೊಂದಕ್ಕೆ ಜೊಲ್ಲುಗ್ರಂಥಿಗಳನ್ನು ಉಳಿಸುವ ಹೊಸ ಗಣಕ ನಕ್ಷೆಯ ಪ್ರಕಾರವೂ ಚಿಕಿತ್ಸೆ ನೀಡಲಾಯಿತು. ಒಂದು ವರ್ಷದ ಬಳಿಕ ಹಳೆಯ ಕ್ರಮದವರಲ್ಲಿ ಶೇಕಡಾ 74 ಮಂದಿಗೆ ಬಾಯಿ ಒಣಗುವ ಗಣನೀಯ ತೊಂದರೆ ಇತ್ತು. ಹೊಸ ಕ್ರಮದವರಲ್ಲಿ ಅದು ಶೇಕಡಾ 38. ಬಾಯಿ ಒಣಗುವುದೆಂದರೆ ಸಣ್ಣ ಮಾತಲ್ಲ. ಒಂದು ತುತ್ತು ಅನ್ನ ನುಂಗಲು ನಾಲ್ಕು ಗುಟುಕು ನೀರು ಬೇಕಾಗುವುದು, ನಡುರಾತ್ರಿ ನಾಲಿಗೆ ಅಂಟಿ ಎಚ್ಚರವಾಗುವುದು, ಮದುವೆ ಮನೆಯ ಊಟಕ್ಕೆ ಕುಳಿತುಕೊಳ್ಳಲು ಅಂಜುವುದು. ರೋಗ ಗುಣವಾದ ಮೇಲೆ ಉಳಿಯುವ ಬದುಕು ಎಂಥದೆಂಬುದನ್ನೂ ಈ ನಕ್ಷೆ ನಿರ್ಧರಿಸುತ್ತದೆ.

ಹಾಗೆಂದು ಗಣಕಯಂತ್ರವನ್ನು ದೇವರೆಂದು ಭಾವಿಸುವುದು ಸಲ್ಲದು. ಅಂಗಗಳ ಗೆರೆಗಳನ್ನು ತಾನಾಗಿಯೇ ಎಳೆಯುವ ಕೃತಕ ಬುದ್ಧಿಮತ್ತೆಯ ಸಾಧನಗಳೂ ಈಗ ಬಂದಿವೆ; ವೈದ್ಯರ ಗಂಟೆಗಳ ಕೆಲಸವನ್ನು ಅವು ನಿಮಿಷಗಳಿಗೆ ಇಳಿಸಬಲ್ಲವು. ಆದರೆ ಎಳೆದ ಗೆರೆ ಸರಿಯೇ ಎಂದು ನೋಡಿ ಒಪ್ಪಬೇಕಾದವರು ವೈದ್ಯರೇ. ಯಂತ್ರಕ್ಕೆ ತಪ್ಪು ಹೇಳಿದರೆ ಅದು ತಪ್ಪನ್ನೇ ಅತ್ಯಂತ ನಿಖರವಾಗಿ ನೆರವೇರಿಸುತ್ತದೆ. ಫ್ರಾನ್ಸಿನ ಎಪಿನಾಲ್ ಎಂಬ ಊರಿನಲ್ಲಿ ನಡೆದ ದುರಂತ ಇದಕ್ಕೆ ಸಾಕ್ಷಿ. 2004ರ ಮೇ ತಿಂಗಳಿನಿಂದ 2005ರ ಆಗಸ್ಟ್ ವರೆಗೆ ಅಲ್ಲಿನ ಆಸ್ಪತ್ರೆಯಲ್ಲಿ ಕನಿಷ್ಠ 23 ಮಂದಿ ರೋಗಿಗಳಿಗೆ ನಿಗದಿಗಿಂತ ಸುಮಾರು ಶೇಕಡಾ 20ರಷ್ಟು ಹೆಚ್ಚು ವಿಕಿರಣ ಬಿತ್ತು. ಕಿರಣದ ಇಳಿಜಾರನ್ನು ಸರಿಪಡಿಸಲು ಮೊದಲು ಲೋಹದ ಬೆಣೆಯನ್ನು ಅಡ್ಡ ಇಡುತ್ತಿದ್ದರು. ಬಳಿಕ ಬೆಣೆಯಿಲ್ಲದೆ ಯಂತ್ರದ ಚಲನೆಯಿಂದಲೇ ಅದನ್ನು ಸಾಧಿಸುವ ಹೊಸ ಕ್ರಮ ಬಂತು. ಗಣಕಯಂತ್ರದಲ್ಲಿ ಲೆಕ್ಕ ಮಾತ್ರ ಬೆಣೆ ಇದೆಯೆಂದೇ ಆಯಿತು. ಇಲ್ಲದ ಬೆಣೆ ತಡೆಯಬೇಕಾಗಿದ್ದ ಕಿರಣವೆಲ್ಲ ರೋಗಿಯ ಮೈಗೆ ಇಳಿಯಿತು. ಹಲವರು ತೀವ್ರ ಗಾಯಗಳಿಂದ ನರಳಿದರು, ಕೆಲವರು ಅಸುನೀಗಿದರು. ತನಿಖೆ ಮಾಡಿದವರು ಎತ್ತಿ ತೋರಿದ ಕಾರಣಗಳಲ್ಲಿ ಒಂದು ಭಾಷೆಗೆ ಸಂಬಂಧಿಸಿದ್ದು: ಗಣಕಯಂತ್ರದ ಪರದೆಯ ಮೇಲಿದ್ದುದು ಇಂಗ್ಲಿಷ್, ಕೆಲಸ ಮಾಡುವವರಿಗೆ ಫ್ರೆಂಚ್ ಭಾಷೆಯ ಕೈಪಿಡಿ ಇರಲಿಲ್ಲ. ಓದು ಬಲ್ಲ, ತರಬೇತಿ ಪಡೆದ ಸಿಬ್ಬಂದಿಗೇ ಪರಭಾಷೆ ಇಂಥ ಗುಂಡಿ ತೋಡಬಲ್ಲುದಾದರೆ, ಹೆದರಿ ಕುಳಿತ ರೋಗಿಯ ಪಾಡೇನು?

ಇಲ್ಲಿ ನಾವು ನಮ್ಮ ಮನೆಯಂಗಳಕ್ಕೆ ಬರುತ್ತೇವೆ. ಪೂರ್ವಭಾಗದ ಗ್ರಾಮವೊಂದರ ವೃದ್ಧೆಯೊಬ್ಬರು ಗರ್ಭಕೋಶದ ಕೊರಳಿನ ಅರ್ಬುದಕ್ಕೆ ಚಿಕಿತ್ಸೆಗೆಂದು ಹೋಗಿದ್ದರು. ಆಸ್ಪತ್ರೆಯ ಹೆಸರು ಇಲ್ಲಿ ಅಪ್ರಸ್ತುತ. ಇಂಥ ರೋಗಕ್ಕೆ ಚಿತ್ರ ಹಿಡಿಯುವ ಮೊದಲು ನೀರು ಕುಡಿದು ಮೂತ್ರಕೋಶವನ್ನು ತುಂಬಿಸಿಕೊಂಡಿರಬೇಕೆಂಬುದು ಕ್ರಮ. ತುಂಬಿದ ಮೂತ್ರಕೋಶ ಕರುಳನ್ನು ಮೇಲಕ್ಕೆ ತಳ್ಳಿ ಕಿರಣದ ದಾರಿಯಿಂದ ದೂರ ಇಡುತ್ತದೆ. ನೀರು ಕುಡಿಯಿರಿ, ಹೊರಗೆ ಹೋಗಬಾರದು ಎಂದು ದಾದಿ ಮಲಯಾಳದಲ್ಲಿ ಹೇಳಿದ್ದನ್ನು ಆ ತಾಯಿ ‘ಹೋಗಿ ಬನ್ನಿ’ ಎಂದು ಗ್ರಹಿಸಿದರು. ಜೊತೆಗಿದ್ದವನು ಮೊಮ್ಮಗ, ಇಂಥದನ್ನು ಅವನಲ್ಲಿ ಕೇಳಲು ಸಂಕೋಚ. ಅಂದಿನ ಚಿತ್ರ ನಿಂತಿತು, ಮರುದಿನ ಪುನಃ ಪ್ರಯಾಣ. ಅವರ ಪುಣ್ಯಕ್ಕೆ ಅಲ್ಲಿನ ಸಿಬ್ಬಂದಿ ಅದನ್ನು ಗುರುತಿಸಿದರು. ಗುರುತಿಸದೆ ಹೋಗಿದ್ದರೆ, ಚಿತ್ರ ಹಿಡಿದ ದಿನದ ದೇಹವೇ ಬೇರೆ, ಚಿಕಿತ್ಸೆಯ ದಿನದ ದೇಹವೇ ಬೇರೆ ಎಂದಾಗುತ್ತಿತ್ತು.

ಇದು ಮಲಯಾಳ ಭಾಷೆಯ ಮೇಲಿನ ದೂರಲ್ಲವೆಂದು ಸ್ಪಷ್ಟಪಡಿಸುತ್ತೇವೆ. ಪೇಟೆ ವ್ಯವಹಾರದ ಮಲಯಾಳ ನಮ್ಮಲ್ಲಿ ಹೆಚ್ಚಿನವರಿಗೆ ಬರುತ್ತದೆ. ಆದರೆ ಸಂತೆಯಲ್ಲಿ ಮೀನು ಕೊಳ್ಳುವ ಮಲಯಾಳ ಬೇರೆ, ನಡುಗುವ ಮೈಯಲ್ಲಿ ಯಂತ್ರದ ಮುಂದೆ ಕೇಳುವ ಮಲಯಾಳ ಬೇರೆ. ಉತ್ತರಕ್ಕೆ ಮಂಗಳೂರಿಗೆ ಹೋದವರಿಗೂ ಎಲ್ಲವೂ ಸುಗಮವೆಂದೇನೂ ಇಲ್ಲ. ಬಾಯಿಮಾತು ಕನ್ನಡ ಅಥವಾ ತುಳುವಿನಲ್ಲಿ ನಡೆದರೂ ಸಹಿ ಹಾಕಬೇಕಾದ ಕಾಗದ ಇಂಗ್ಲಿಷಿನಲ್ಲಿರುವುದುಂಟು. ಉಸಿರು ಹಿಡಿಯಿರಿ, ಬಿಡಿರಿ, ಉಗುಳು ನುಂಗಬೇಡಿರಿ, ಕದಲಬೇಡಿರಿ, ತೊಂದರೆಯಾದರೆ ಕೈ ಎತ್ತಿರಿ – ಇಂಥ ಹತ್ತಿಪ್ಪತ್ತು ವಾಕ್ಯಗಳು ಸಾಕು. ಇವಿಷ್ಟು ಅರ್ಥವಾಗದಿದ್ದರೆ ಕೋಟಿಗಟ್ಟಲೆ ಬೆಲೆಯ ಯಂತ್ರವೂ ಅಷ್ಟರಮಟ್ಟಿಗೆ ನಿಷ್ಫಲ.

ಗಡಿಯಲ್ಲಿರುವ ನಮಗೆ ಇನ್ನೂ ಒಂದು ಸಮಸ್ಯೆಯಿದೆ. ದಕ್ಷಿಣಕ್ಕೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಕೇಂದ್ರ, ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ; ಉತ್ತರಕ್ಕೆ ಮಂಗಳೂರಿನ ಆಸ್ಪತ್ರೆಗಳು. ಎಲ್ಲಿಗೆ ಹೋಗುವುದೆಂದು ಮನೆಮಂದಿ ಅತ್ತಿತ್ತ ತೂಗಾಡುವುದು ಸಹಜ. ಆದರೆ ಕಿರಣ ಚಿಕಿತ್ಸೆಯ ನಕ್ಷೆ ಯಾವ ಯಂತ್ರಕ್ಕಾಗಿ ರಚಿತವಾಯಿತೋ ಆ ಯಂತ್ರಕ್ಕೆ ಕಟ್ಟುಬಿದ್ದಿರುತ್ತದೆ. ಔಷಧಿ ಚೀಟಿಯಂತೆ ಅದನ್ನು ಜೇಬಿನಲ್ಲಿಟ್ಟು ಮತ್ತೊಂದು ಆಸ್ಪತ್ರೆಯಲ್ಲಿ ಅರ್ಧದಿಂದ ಮುಂದುವರಿಸಲಾಗುವುದಿಲ್ಲ. ಹೊಸತಾಗಿ ಲೆಕ್ಕ ಮಾಡಬೇಕಾಗುತ್ತದೆ. ನಡುವೆ ದಿನಗಳು ತಪ್ಪಿದರೆ ಉಳಿದ ಅರ್ಬುದಕಣಗಳು ಚಿಗುರುತ್ತವೆ. ತಲೆ-ಕೊರಳಿನ ಅರ್ಬುದದಲ್ಲಿ ಚಿಕಿತ್ಸೆ ಒಂದು ದಿನ ಲಂಬಿಸಿದರೆ ರೋಗ ಹತೋಟಿಗೆ ಬರುವ ಸಂಭವ ಶೇಕಡಾ ಒಂದಕ್ಕಿಂತ ತುಸು ಹೆಚ್ಚು ಕುಗ್ಗುತ್ತದೆಂದು ತಜ್ಞರು ಅಂದಾಜಿಸಿದ್ದಾರೆ. 2020ರ ಮಾರ್ಚಿನಲ್ಲಿ ಕೊರೋನಾ ಕಾಲದಲ್ಲಿ ತಲಪಾಡಿಯ ಗಡಿಯನ್ನು ಮುಚ್ಚಿದಾಗ ಮಂಗಳೂರನ್ನು ನಂಬಿದ್ದ ನಮ್ಮ ರೋಗಿಗಳು ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ವಿಷಯ ಹೈಕೋರ್ಟಿನ, ಸುಪ್ರೀಂ ಕೋರ್ಟಿನ ಮೆಟ್ಟಲೇರಿತು. ನಡೆಯುತ್ತಿರುವ ಕಿರಣ ಚಿಕಿತ್ಸೆಗೆ ಯಾವ ಕಾರಣದಿಂದಲೂ ಗಡಿ ಅಡ್ಡವಾಗಬಾರದೆಂಬ ಸ್ಥಿರವಾದ ಒಪ್ಪಂದ ಎರಡು ರಾಜ್ಯಗಳ ನಡುವೆ ಇರಬೇಕಾದುದು ನ್ಯಾಯ.

ಆದುದರಿಂದ ಆಗಬೇಕಾದ ಕೆಲಸಗಳನ್ನು ಇಲ್ಲಿ ಸೂಚಿಸುತ್ತೇವೆ. ಮೊದಲನೆಯದಾಗಿ, ನಮ್ಮ ಜಿಲ್ಲೆಯ ರೋಗಿಗಳು ಹೋಗುವ ಆಸ್ಪತ್ರೆಗಳಲ್ಲಿ ಕಿರಣ ಚಿಕಿತ್ಸೆಯ ಸಿದ್ಧತೆಯನ್ನು ವಿವರಿಸುವ ಒಂದು ಹಾಳೆಯ ಕನ್ನಡ ಕರಪತ್ರ ಇರಬೇಕು. ಓದು ಬಾರದವರಿಗಾಗಿ ಅದೇ ಸೂಚನೆಗಳನ್ನು ಕನ್ನಡದಲ್ಲಿ ಧ್ವನಿಮುದ್ರಿಸಿ ಕೇಳಿಸಬೇಕು. ಎರಡನೆಯದಾಗಿ, 1969ರ ಕೇರಳ ಅಧಿಕೃತ ಭಾಷಾ ಕಾನೂನು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕನ್ನು ಮನ್ನಿಸಿದೆ. ತಾಲೂಕು ಕಛೇರಿಯ ಅರ್ಜಿಗೆ ಸಲ್ಲುವ ಭಾಷೆ ಸರಕಾರಿ ಆಸ್ಪತ್ರೆಯ ಚಿಕಿತ್ಸಾ ಕೋಣೆಯಲ್ಲಿಯೂ ಸಲ್ಲಬೇಕೆಂದು ಕೇಳುವುದು ಅತಿಯಾದ ಬೇಡಿಕೆಯಲ್ಲ. ಮೂರನೆಯದಾಗಿ, ಸನ್ಮಾನ-ಸಮ್ಮೇಳನಗಳಿಗೆ ಶ್ರಮಿಸುವ ನಮ್ಮ ಕನ್ನಡ ಸಂಘಗಳು ಎರಡೂ ಭಾಷೆ ಬಲ್ಲ ನಾಲ್ಕು ಮಂದಿ ಯುವಕ ಯುವತಿಯರನ್ನು ಇಂಥ ರೋಗಿಗಳ ಜೊತೆಗೆ ಕಳುಹಿಸುವ ಏರ್ಪಾಡು ಮಾಡಲಿ. ಸ್ತ್ರೀಯರ ಜೊತೆಗೆ ಸ್ತ್ರೀಯರೇ ಹೋಗುವಂತಾಗಲಿ. ಕರಪತ್ರದ ಒಕ್ಕಣೆಯನ್ನು ವೈದ್ಯರು ಪರಿಶೀಲಿಸಿ ಒಪ್ಪಿದರೆ, ಅದನ್ನು ಮುದ್ರಿಸಿ ಉಚಿತವಾಗಿ ಒದಗಿಸಲು ನಮ್ಮ ಪತ್ರಿಕೆ ಸಿದ್ಧವಿದೆ.

ಮನೆಮಂದಿಗೂ ನಮ್ಮದೊಂದು ಮಾತು. ಎಲ್ಲಿ ಚಿಕಿತ್ಸೆಯೆಂಬುದನ್ನೂ ಆರೋಗ್ಯ ವಿಮೆಯ ಸೌಲಭ್ಯ ಅಲ್ಲಿ ದೊರೆಯುವುದೇ ಎಂಬುದನ್ನೂ ಅಚ್ಚು ತೆಗೆಯುವ ಮೊದಲೇ ನಿಶ್ಚಯಿಸಿರಿ. ಮೈಮೇಲಿನ ಗುರುತುಗಳನ್ನು ಉಜ್ಜಿ ತೊಳೆಯದಿರಿ. ಚಿಕಿತ್ಸೆಯ ನಡುವೆ ರೋಗಿ ಸೊರಗಿ ಮುಖವಾಡ ಸಡಿಲವಾದರೆ ಸುಮ್ಮನಿರದೆ ತಿಳಿಸಿರಿ. ದೇಹ ಬದಲಾದಾಗ ನಕ್ಷೆಯನ್ನು ಪುನಃ ರಚಿಸಬೇಕಾಗಿ ಬರುವುದುಂಟು. ಕಾಯುವ ದಿನಗಳೆಲ್ಲವೂ ನಕ್ಷೆಯ ದಿನಗಳೇ ಎಂದು ನಾವು ಹೇಳುವುದಿಲ್ಲ; ಯಂತ್ರ ಕಡಿಮೆ, ರೋಗಿಗಳು ಹೆಚ್ಚು ಎಂಬ ಕಾರಣದಿಂದಲೂ ವಿಳಂಬವಾಗುವುದುಂಟು. ಯಾವುದರಿಂದ ತಡವೆಂದು ಕೇಳುವ ಹಕ್ಕು ನಿಮಗಿದೆ, ಧೈರ್ಯವಾಗಿ ಕೇಳಿರಿ. ಆದರೆ ಕೇಳದೆಯೇ ಬೇಸತ್ತು ಬಿಟ್ಟುಬಿಡಬೇಡಿರಿ. ನೀವು ಮನೆಯಲ್ಲಿ ಕಾಯುತ್ತಿರುವಾಗ ಅಲ್ಲಿ ನಿಮ್ಮವರ ಬೆನ್ನುಹುರಿಯ ಸುತ್ತ, ಜೊಲ್ಲುಗ್ರಂಥಿಯ ಸುತ್ತ ಒಬ್ಬರು ಗೆರೆ ಎಳೆಯುತ್ತಿರುತ್ತಾರೆ.

ಮಲಯಾಳಿ ವೈದ್ಯರೂ ದಾದಿಯರೂ ನಮ್ಮ ಜನರಿಗೆ ತೋರುತ್ತ ಬಂದಿರುವ ಅಕ್ಕರೆಯನ್ನು ನಾವು ಬಲ್ಲೆವು. ಆ ಅಕ್ಕರೆಗೆ ಹತ್ತಿಪ್ಪತ್ತು ಕನ್ನಡ ವಾಕ್ಯಗಳು ಸೇರಿದರೆ ಸಾಕು. ಸಂಬಂಧಪಟ್ಟವರು ಇತ್ತ ಬೇಗನೆ ಗಮನ ಹರಿಸುವರೆಂದು ಆಶಿಸುತ್ತೇವೆ.